ಕಟ್ಟಿದವರು ನೋಡುವಂತಿಲ್ಲ

ಬೆಳಿಗ್ಗೆ ಹಲ್ಲುಜ್ಜುವಾಗಲೇ ಅವಳಿಗೆ ಅನ್ನಿಸಿತ್ತು, ಇವತ್ತು ಒಂದೇ ಒಂದು ತಪ್ಪು ಸಿಕ್ಕಿಬಿಟ್ಟರೆ ಎಷ್ಟು ಚೆನ್ನಾಗಿರುತ್ತದೆ ಎಂದು. ಅನ್ನಿಸಿದ ಕೂಡಲೇ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ನಾಚಿಕೆಯಾಯಿತು. ಅಪ್ಪ ತಾನೇ ಕೂತು ಹಾರಿಸಬೇಕೆಂದಿರುವ ವಿಮಾನದ ಎಂಜಿನ್ನಿನಲ್ಲಿ ತಪ್ಪು ಸಿಗಲಿ ಎಂದು ಬಯಸುವ ಮಗಳು ಎಂಥವಳಿರಬಹುದು! ಬಾಯಿ ಮುಕ್ಕಳಿಸಿ ಉಗಿದು, ಸಿಗದಿರಲಿ, ಏನೂ ಸಿಗದಿರಲಿ ಎಂದು ಎರಡು ಸಲ ಅಂದುಕೊಂಡಳು. ಆದರೆ ಮೊದಲು ಬಂದದ್ದು ಆಸೆ, ಆಮೇಲೆ ಬಂದದ್ದು ಅದಕ್ಕೆ ಹಚ್ಚಿದ ತೇಪೆ, ಇದು ಅವಳಿಗೂ ಗೊತ್ತಿತ್ತು. ಐವತ್ತು ದಾಟಿದ ಹೆಂಗಸು. ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆದು ಬರೆದು ಕತ್ತು ನೋವು ತಂದುಕೊಂಡವಳು. ಮಹಡಿಯ ಮೇಲೆ ಗಂಡನ ಜೊತೆ ಸಂಸಾರ, ಕೆಳಗೆ ಅಪ್ಪ ಅಮ್ಮ. ಇಷ್ಟೆಲ್ಲ ಆದ ಮೇಲೂ ಭಾನುವಾರ ಬೆಳಿಗ್ಗೆ ಎದ್ದರೆ ಹೊಟ್ಟೆಯೊಳಗೆ ಒಂದು ಪುಟ್ಟ ಹುಡುಗಿ ರಿಬ್ಬನ್ ಕಟ್ಟಿಕೊಂಡು ತಯಾರಾಗಿ ನಿಂತಿರುತ್ತಾಳೆ ಎಂದರೆ ಯಾರಿಗೆ ಹೇಳುವುದು? ಗಂಡನಿಗೆ ಹೇಳಿದರೆ ಅವನು ಪೇಪರಿನಿಂದ ತಲೆ ಎತ್ತದೆ ಹೂಂ ಅನ್ನುತ್ತಾನೆ.

ಕೆಳಗಿಳಿದು ಬಂದಾಗ ಅಮ್ಮ ಅಡುಗೆಮನೆಯ ಬಾಗಿಲಲ್ಲೇ ಹಿಡಿದು ನಿಲ್ಲಿಸಿದಳು. ಕೈಗೆ ಕಾಫಿ ಲೋಟ ಕೊಟ್ಟು, ಹಿತ್ತಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿದಳು.

"ನಿಮ್ಮಪ್ಪನ ಹತ್ರ ವಾದ ಮಾಡಿ ಮಾಡಿ ನನಗೆ ಬಾಯಿ ನೋವು ಬಂತು ಕಣೇ. ವಿಮಾನ ಕಲಿಸೋ ಕ್ಲಬ್ಬಿನ ಕ್ಯಾಪ್ಟನ್ ಅಷ್ಟು ಬಡ್ಕೊಂಡ್ರು, ಮೊದಲ್ನೇ ಸಲ ನಾನು ಹಾರಿಸ್ತೀನಿ, ಎಲ್ಲಾ ಸರಿ ಇದ್ರೆ ಆಮೇಲೆ ನೀವು ಅಂತ. ಕೇಳಬೇಕಲ್ಲ ಇವರು. ಕೊನೆಗೆ ಒಂದು ಮಾತಿಗೆ ಒಪ್ಪಿದಾರೆ. ನೀನು ಎಂಜಿನ್ ನೋಡಿ ಸರಿ ಇದೆ ಅಂದ್ರೆ ಸಂಜೆ ವಿಮಾನ ಲಾರಿ ಹತ್ತುತ್ತೆ, ನಾಳೆ ಇವರೇ ಹಾರಿಸ್ತಾರೆ. ನೀನು ಇಲ್ಲ ಅಂದ್ರೆ ಲಾರಿ ವಾಪಸ್."

"ನಾನ್ಯಾಕಮ್ಮ? ಕ್ಯಾಪ್ಟನ್ನೇ ನೋಡಲಿ. ಅವರಿಗೆ ಗೊತ್ತಾಗಲ್ವಾ?"

"ನನ್ನ ಕೇಳಿದ್ರೆ? ನೀನೇ ಆಗ್ಬೇಕಂತೆ. ಬೇರೆ ಯಾರ ಕಣ್ಣೂ ಆಗಲ್ವಂತೆ." ಅಮ್ಮ ಮೂಗು ಮುರಿದಳು. "ಆ ರೆಕ್ಕೆಗೆ ಬಟ್ಟೆ ಹೊಲಿದು ಹೊಲಿದು ನನ್ನ ಮಿಷನ್ನು ಹಾಳಾಯ್ತು. ಹಾರಿದ್ರೆ ಹಾರಲಿ, ಬಿದ್ರೆ ಮಾತ್ರ ನನ್ನ ಹೊಲಿಗೆ ಬಿಚ್ಕೊಂಡು ಬಿತ್ತು ಅಂತ ಯಾರೂ ಅನ್ನಬಾರದು, ಹೇಳಿದೀನಿ." ನಗುತ್ತಲೇ ಹೇಳಿದಳು, ಆದರೆ ಲೋಟ ವಾಪಸು ತೆಗೆದುಕೊಳ್ಳುವಾಗ ಅವಳ ಕೈ ಮಗಳ ಮಣಿಕಟ್ಟನ್ನು ಸ್ವಲ್ಪ ಹೊತ್ತು ಹಿಡಿದೇ ಇತ್ತು.

ಹಿತ್ತಿಲ ಶೆಡ್ಡು ಮೊದಲು ಕಾರಿಗೆಂದು ಕಟ್ಟಿಸಿದ್ದು, ಕಾರು ಬರಲಿಲ್ಲ, ವಿಮಾನ ಬಂತು. ಬಂತು ಎನ್ನುವುದೂ ತಪ್ಪು. ಒಂದೊಂದೇ ಕೋಲು, ಒಂದೊಂದೇ ಹಲಗೆಯಾಗಿ, ಅಪ್ಪ ಕೆಲಸದಿಂದ ನಿವೃತ್ತನಾದ ಮಾರನೆಯ ದಿನದಿಂದ ಅಲ್ಲೇ ಬೆಳೆಯಿತು. ಈಗ ರೆಕ್ಕೆಗಳನ್ನು ಬಿಚ್ಚಿ ಗೋಡೆಗೆ ಒರಗಿಸಿ ಹಳೆಯ ಕಂಬಳಿ ಹೊದಿಸಿದ್ದರು. ಬಾಲ ಬಾಗಿಲಾಚೆ ಹಿತ್ತಿಲಿಗೆ ಚಾಚಿತ್ತು, ಅದರ ಮೇಲೆ ಅಮ್ಮನ ಒದ್ದೆ ಟವೆಲೊಂದು ಒಣಗುತ್ತಿತ್ತು. ಮುಚ್ಚಳ ತೆಗೆದ ಎಂಜಿನ್ನು ಮುಂದುಗಡೆ ಬೆತ್ತಲೆಯಾಗಿ ನಿಂತಿತ್ತು. ಎಣ್ಣೆ, ಬಣ್ಣ, ಮರದ ಪುಡಿ, ಹಿಂದಿನ ದಿನದ ಬಿಸಿಲು ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದ ತಕ್ಷಣ ಅವಳ ವಯಸ್ಸು ಸರ್ರನೆ ಇಳಿದುಹೋಯಿತು. ಅಪ್ಪ ಸ್ಟೂಲು ಹಾಕಿಕೊಂಡು, ಎಂಜಿನ್ನಿಗೆ ಬೆನ್ನು ಮಾಡಿ, ಕಾಂಪೌಂಡು ಗೋಡೆ ನೋಡುತ್ತ ಕೂತಿದ್ದ. ಅವಳ ಹೆಜ್ಜೆ ಕೇಳಿದರೂ ತಿರುಗಲಿಲ್ಲ.

"ಟಾರ್ಚು, ಕನ್ನಡಿ ಎರಡೂ ಅಲ್ಲಿಟ್ಟಿದೀನಿ. ನಾನು ನೋಡಲ್ಲ. ಮಾತೂ ಆಡಲ್ಲ. ನೀನು ನೋಡು."

ಕಟ್ಟಿದವರು ನೋಡುವಂತಿಲ್ಲ. ಇದು ಅಪ್ಪನ ಕೆಲಸದ ನಿಯಮ. ಕಟ್ಟಿದವನ ಕಣ್ಣಿಗೆ ತಾನು ಕಟ್ಟಬೇಕೆಂದುಕೊಂಡದ್ದು ಕಾಣುತ್ತದೆ, ಕಟ್ಟಿದ್ದು ಕಾಣುವುದಿಲ್ಲ, ಹಾಗಾಗಿ ನೋಡಲು ಇನ್ನೊಂದು ಜೊತೆ ಕಣ್ಣು ಬೇಕು ಎನ್ನುತ್ತಿದ್ದ. ಕಟ್ಟುವುದೆಂದರೆ ದೊಡ್ಡದೇನಲ್ಲ. ಎಂಜಿನ್ನು ನಡುಗುತ್ತದೆ, ನಡುಗಿ ನಡುಗಿ ಬೋಲ್ಟುಗಳು ಸಡಿಲವಾಗುತ್ತವೆ, ನೆಲದ ಮೇಲಾದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ಬೈದುಕೊಳ್ಳಬಹುದು, ಮೇಲೆ ಹೋದವನಿಗೆ ಪಕ್ಕ ಎನ್ನುವುದಿಲ್ಲ. ಅದಕ್ಕಾಗಿ ಬೋಲ್ಟಿನ ತಲೆಯಲ್ಲಿ ಸಣ್ಣ ತೂತು ಕೊರೆದು, ಅದರೊಳಗೆ ಉಕ್ಕಿನ ತೆಳ್ಳನೆಯ ತಂತಿ ಪೋಣಿಸಿ, ಎರಡು ಎಳೆಯನ್ನೂ ಹೊಸೆದು ಪಕ್ಕದ ಬೋಲ್ಟಿಗೆ ಬಿಗಿಯುತ್ತಾರೆ. ಬೋಲ್ಟು ಬಿಚ್ಚಿಕೊಳ್ಳಲು ಹೊರಟರೆ ತಂತಿ ಅದನ್ನು ಬಿಗಿಯುವ ಕಡೆಗೇ ಎಳೆದು ಹಿಡಿಯಬೇಕು. ಇಡೀ ಗುಟ್ಟು ಇರುವುದು ತಂತಿ ಬೋಲ್ಟಿನ ಯಾವ ಮಗ್ಗುಲಿಂದ ಹೊರಡುತ್ತದೆ ಎನ್ನುವುದರಲ್ಲಿ. ತಪ್ಪು ಮಗ್ಗುಲಿಂದ ಹೊರಟ ತಂತಿಯೂ ನೋಡಲು ಅಷ್ಟೇ ಚೆಂದ, ಅಷ್ಟೇ ಬಿಗಿ. ಆದರೆ ಅದು ಬೋಲ್ಟನ್ನು ಕಾಯುವುದಿಲ್ಲ, ಬಿಚ್ಚಲು ಕೈ ಕೊಡುತ್ತದೆ.

ಅವಳು ಟಾರ್ಚು ಹಚ್ಚಿ ಮುಂದಿನ ಸಾಲಿನಿಂದ ಶುರುಮಾಡಿದಳು. ಒಂದು ಬೋಲ್ಟು, ಅದರ ತಂತಿ, ಹೊಸೆತ, ಮಗ್ಗುಲು, ಕೊನೆಯ ಮಡಿಕೆ. ಮುಂದಿನದು. ಬೆರಳಿನ ತುದಿಯಿಂದ ತಂತಿಯನ್ನು ಮುಟ್ಟಿ ಮುಟ್ಟಿ ಹೋದಂತೆ ತಗಡಿನ ಸೂರಿನ ಆ ದೊಡ್ಡ ವರ್ಕ್‌ಶಾಪು ಸುತ್ತ ಎದ್ದು ನಿಂತಿತು. ಊರಾಚೆಯ ಬಯಲಿನಲ್ಲಿ ವಿಮಾನ ಕಲಿಸುವ ಕ್ಲಬ್ಬು, ಅದರ ವರ್ಕ್‌ಶಾಪಿನಲ್ಲಿ ಅಪ್ಪ ಮೆಕ್ಯಾನಿಕ್ಕು. ಭಾನುವಾರ ಅಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ. ನೋಡಿ ಸಹಿ ಹಾಕಬೇಕಾದ ಮೇಸ್ತ್ರಿ ಸೋಮವಾರ ಬಂದು ಕುರ್ಚಿಯಿಂದ ಏಳದೆಯೇ ಸಹಿ ಹಾಕುತ್ತಿದ್ದ. ಅಪ್ಪ ಅವಳನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋಗಿ, ಮರದ ಪೆಟ್ಟಿಗೆಯ ಮೇಲೆ ನಿಲ್ಲಿಸಿ, ಕೈಗೆ ಟಾರ್ಚು ಕೊಟ್ಟು, ತಾನು ದೂರ ಹೋಗಿ ಬೆನ್ನು ಮಾಡಿ ಕೂರುತ್ತಿದ್ದ. ಅವಳು ಮೂಗಿಗೆ ಎಣ್ಣೆ ಮೆತ್ತಿಕೊಂಡು, ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಎಷ್ಟೋ ಭಾನುವಾರ ಏನೂ ಸಿಗುತ್ತಿರಲಿಲ್ಲ. ಯಾವಾಗಲೋ ಒಮ್ಮೆ, ಒಂದು ತಂತಿಯ ಹತ್ತಿರ ಕಣ್ಣು ಜಾರಿ ನಿಲ್ಲುತ್ತಿತ್ತು. ಇದು ಅಪ್ಪ ಕಟ್ಟಿದ ಹಾಗಿಲ್ಲ, ನಾನು ಕಟ್ಟಿದ ಹಾಗಿದೆ, ಅನ್ನಿಸುತ್ತಿತ್ತು. ಅವಳು ಎಡಚಿ. ತನ್ನ ಜಡೆ ತಾನೇ ಹೆಣೆದುಕೊಂಡರೆ ಅದು ಬೇರೆ ಹುಡುಗಿಯರ ಜಡೆಗೆ ಉಲ್ಟಾ ಆಗುತ್ತಿತ್ತು, ಅಮ್ಮ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಅಂಥದ್ದೇ ಉಲ್ಟಾ ತಂತಿ.

"ಅಪ್ಪಾ, ಸಿಕ್ತು!" ಎಂದು ಕೂಗಿದರೆ ಅಪ್ಪ ಬಂದು, ಬಗ್ಗಿ, ತುಂಬ ಹೊತ್ತು ನೋಡಿ, ಆಮೇಲೆ ನೆಟ್ಟಗಾಗಿ, "ಹಿಡಿದುಬಿಟ್ಟೆಯಲ್ಲೇ! ನೋಡೋಣ ನಿನ್ನ ಕಣ್ಣು ಎಷ್ಟು ಚುರುಕು ಅಂತ ನಿನಗೋಸ್ಕರವೇ ಬಿಟ್ಟಿದ್ದೆ" ಎನ್ನುತ್ತಿದ್ದ. ಜೇಬಿನಿಂದ ಪೆಪ್ಪರ್‌ಮಿಂಟು ಬರುತ್ತಿತ್ತು. ವಾಪಸು ಬರುವಾಗ ಅಪ್ಪ ಶಿಳ್ಳೆ ಹಾಕುತ್ತಿದ್ದ, ಪೆಡಲು ತುಳಿಯುವ ಕಾಲಿಗೆ ಅವಳ ಬೂಟು ತಾಗುತ್ತಿತ್ತು, ಬಯಲಿನ ಒಣಹುಲ್ಲಿನ ಮೇಲೆ ಅವರಿಬ್ಬರ ನೆರಳು ಉದ್ದಕ್ಕೆ ಓಡುತ್ತಿತ್ತು. ಅಷ್ಟು ಸುಖ ಅವಳಿಗೆ ಆಮೇಲೆ ಯಾವತ್ತೂ ಸಿಕ್ಕಿಲ್ಲ, ಮದುವೆಯಲ್ಲೂ ಇಲ್ಲ, ಮಗ ಹುಟ್ಟಿದಾಗಲೂ ಇಲ್ಲ. ಇದನ್ನು ಒಪ್ಪಿಕೊಳ್ಳಲು ಮುಜುಗರ, ಆದರೆ ನಿಜ.

ಅದನ್ನು ಒಂದು ರಾತ್ರಿಯ ಊಟದಲ್ಲಿ ಅಣ್ಣ ಕಿತ್ತುಕೊಂಡ. ಅವಳು ತನ್ನ ಬೇಟೆಯ ಕಥೆ ಕೊಚ್ಚಿಕೊಳ್ಳುತ್ತಿದ್ದಳು, ಅಣ್ಣನಿಗೆ ಮೀಸೆ ಚಿಗುರುತ್ತಿದ್ದ ಕಾಲ, ಲೋಕವೆಲ್ಲ ತನಗೆ ಗೊತ್ತೆಂಬ ಗತ್ತು. "ಏ ಪೆದ್ದಿ, ಚಿಕ್ಕ ಮಕ್ಕಳ ಜೊತೆ ಚೌಕಾಬಾರ ಆಡುವಾಗ ದೊಡ್ಡೋರು ಬೇಕಂತ ಸೋಲ್ತಾರಲ್ಲ, ಹಾಗೆ. ನೀನು ಅಳ್ತಾ ಕೂರಬಾರದು ಅಂತ ಅಪ್ಪ ಒಂದು ತಪ್ಪು ಕಟ್ಟಿಡ್ತಾನೆ. ಇಲ್ಲದಿದ್ರೆ ವಿಮಾನಕ್ಕೆ ನಿನ್ನ ಕಣ್ಣು ಬೇಕಾ?" ಅವಳು ಅಪ್ಪನ ಮುಖ ನೋಡಿದಳು. ಹಾಗಲ್ಲ, ಅವಳಿಗೆ ಪರೀಕ್ಷೆ ಕೊಡ್ತೀನಿ, ಅವಳು ಪಾಸಾಗ್ತಾಳೆ ಎಂದಾದರೂ ಅನ್ನಬಹುದಿತ್ತು. ಅಪ್ಪ ತಟ್ಟೆ ನೋಡುತ್ತ ನಕ್ಕ. ಸುಮ್ಮನೆ ನಕ್ಕ. ಮುಂದಿನ ಭಾನುವಾರ ತಲೆನೋವು ಎಂದಳು, ಅದರ ಮುಂದಿನ ಭಾನುವಾರ ಪರೀಕ್ಷೆ ಎಂದಳು. ಅಪ್ಪ ಬಾಗಿಲಲ್ಲಿ ಸೈಕಲ್ ಹಿಡಿದುಕೊಂಡು ನಿಂತು, "ಬರ್ತೀಯೇನೇ? ಸ್ವಲ್ಪ ಹೊತ್ತು ಬಂದು ಹೋಗು" ಎಂದು ಎಷ್ಟೋ ವಾರ ಕೇಳಿದ. ಆ ದನಿಯಲ್ಲಿ ಬೇಡುವಂಥದ್ದೇನೋ ಇತ್ತು ಎಂದು ಈಗ ನೆನೆದರೆ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಇಷ್ಟೇ: ಅಪ್ಪನಿಗೆ ತನ್ನನ್ನು ಆಡಿಸಿ ಅಭ್ಯಾಸವಾಗಿದೆ.

ಅಲ್ಲಿಂದ ಮುಂದೆ ಅವಳಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಹೋಯಿತು ಎಂದರೆ ದೊಡ್ಡ ಮಾತಾಯಿತೇನೋ. ಆದರೆ ಕಚೇರಿಯಲ್ಲಿ ಒಮ್ಮೆ ಕೊಳವೆಯ ನಕ್ಷೆ ಬರೆಯುವಾಗ ಒಂದು ಕಡೆಯ ಇಳಿಜಾರು ಉಲ್ಟಾ ಇದ್ದದ್ದು ಅವಳಿಗೆ ಕಂಡಿತ್ತು. ಪೆನ್ಸಿಲ್ ನಿಲ್ಲಿಸಿದಳು. ದೊಡ್ಡವರು ಮಾಡಿದ್ದು, ಬೇಕಂತಲೇ ಹಾಗೆ ಮಾಡಿರುತ್ತಾರೆ, ತನಗೇನು ಗೊತ್ತು ಎಂದು ಮತ್ತೆ ಬರೆದಳು. ಕೊಳವೆ ಹೂತ ಮೇಲೆ ಒಂದು ಇಡೀ ಬೀದಿಗೆ ನೀರು ಹತ್ತಲಿಲ್ಲ. ಅವಳನ್ನು ಯಾರೂ ಕೇಳಲಿಲ್ಲ, ಬೈಯಲೂ ಇಲ್ಲ. ಬಸ್ಸು ಆ ಬೀದಿಯ ಮುಂದೆ ಹೋಗುವಾಗಲೆಲ್ಲ ಕೊಡ ಹಿಡಿದು ನಿಂತ ಹೆಂಗಸರಿಂದ ಮುಖ ತಿರುಗಿಸುವುದು ಮಾತ್ರ ಅಭ್ಯಾಸವಾಯಿತು.

ಈಗ ಮುಂದಿನ ಸಾಲು ಮುಗಿದು, ಪಕ್ಕದ್ದು ಮುಗಿದು, ಎಂಜಿನ್ನಿನ ಹಿಂಬದಿಗೆ ಬಂದಳು. ಅಲ್ಲಿ ಎಣ್ಣೆಯ ಪಂಪಿನ ಹಿಂದೆ ತಲೆ ತೂರುವುದಿಲ್ಲ. ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಸಂದಿಯೊಳಗೆ ಇಳಿಸಿ ಟಾರ್ಚು ಹಿಡಿದಳು. ಬೋಲ್ಟು ಕಂಡಿತು, ತಂತಿ ಕಂಡಿತು, ಸರಿಯಾದ ಮಗ್ಗುಲಿಂದ ಹೊರಟು ಸರಿಯಾದ ಕಡೆಗೆ ಎಳೆದಿತ್ತು. ಅಚ್ಚುಕಟ್ಟು. ಮುಂದೆ ಹೋಗಲೆಂದು ಕನ್ನಡಿ ಎತ್ತಿದವಳ ಕೈ ಅಲ್ಲೇ ನಿಂತಿತು. ಕನ್ನಡಿಯಲ್ಲಿ ಎಡ ಬಲವಾಗುತ್ತದೆ. ಕನ್ನಡಿಯಲ್ಲಿ ಸರಿ ಕಂಡರೆ ಅದು ಸರಿ ಇಲ್ಲ. ಕನ್ನಡಿ ಕೆಳಗಿಟ್ಟು, ತೋಳು ತರಚಿದರೂ ಬಿಡದೆ ಕೈ ತೂರಿಸಿ, ಕಣ್ಣು ಮುಚ್ಚಿ ಬೆರಳಿಂದ ತಡವಿದಳು. ಬೆರಳು ತಂತಿಯ ಜೊತೆಗೆ ಹೋಯಿತು, ಬೋಲ್ಟಿನ ತಲೆ ಸುತ್ತಿತು, ತೂತು ಮುಟ್ಟಿತು. ಉಲ್ಟಾ. ತಾನು ಕಟ್ಟಿದ ಹಾಗೆಯೇ ಉಲ್ಟಾ.

ಬೆಳಗಿನ ಆಸೆ ಈಡೇರಿತ್ತು. ಸಂತೋಷ ಮೈಯೆಲ್ಲ ಹರಿದುಬಂತು, ಬಂದಷ್ಟೇ ಬೇಗ ಅದರ ಬೆನ್ನಿಗೇ ಭಯವೂ ಬಂತು. ಅಪ್ಪನಿಗೆ ಎಪ್ಪತ್ತೈದು ದಾಟಿದೆ. ಇದು ಆ ಆಟವೋ, ಅಥವಾ ಬರೀ ವಯಸ್ಸೋ? ಆಟವಾದರೆ ಕೂಗಬೇಕು. ವಯಸ್ಸಾದರೆ ಹೇಗೆ ಕೂಗುವುದು? ಬೆನ್ನು ಮಾಡಿ ಕೂತ ಅಪ್ಪನ ಕತ್ತಿನ ಹಿಂಭಾಗ ಅವಳಿಗೆ ಕಾಣುತ್ತಿತ್ತು, ಕ್ಷೌರಿಕ ಬಿಟ್ಟುಹೋದ ನಾಲ್ಕು ಬಿಳಿ ಕೂದಲು, ಕಾಲರಿನ ಸವೆದ ಅಂಚು. ಒಮ್ಮೆ ಅಪ್ಪನಿಗೆ ಬುತ್ತಿ ಕೊಡಲೆಂದು ಕ್ಲಬ್ಬಿಗೆ ಹೋದಾಗ ಈ ಕತ್ತು ಬಾಗಿದ್ದನ್ನು ನೋಡಿದ್ದಳು. ಆಗಲೇ ಅವನನ್ನು ಎಂಜಿನ್ನಿನ ಕೆಲಸದಿಂದ ತೆಗೆದು ಸಾಮಾನಿನ ಕೋಣೆಗೆ ಹಾಕಿದ್ದರು. ಬಲೆ ಬಡಿದ ಕಿಟಕಿಯ ಹಿಂದೆ ಕೂತು ನಟ್ಟು ವಾಷರು ಕೊಡುವ ಕೆಲಸ. ಕೈ ನಿಧಾನ, ತುಂಬ ನಿಧಾನ ಎಂದು ಎಲ್ಲರೂ ಅವನಿಗೆ ಆಮೆ ಎಂದು ಹೆಸರಿಟ್ಟಿದ್ದರು. ಮೊನ್ನೆ ಮೊನ್ನೆ ಸೇರಿದ ಹುಡುಗನೊಬ್ಬ ಬಲೆಗೆ ಬೆರಳು ತೂರಿಸಿ, "ಆಮೆಯಣ್ಣಾ, ಎರಡು ವಾಷರ್! ನಾನು ರಿಟೈರ್ ಆಗೋದ್ರೊಳಗೆ ಕೊಡ್ತೀಯಾ?" ಎಂದ. ಅಪ್ಪ ನಕ್ಕ, ತಟ್ಟೆ ನೋಡುತ್ತ ನಕ್ಕ ಹಾಗೆಯೇ. ಅವಳು ಕಂಬದ ಹಿಂದೆ ಸರಿದು, ಬುತ್ತಿಯನ್ನು ಗೇಟಿನ ಕಾವಲುಗಾರನ ಕೈಗೆ ಕೊಟ್ಟು ಮನೆಗೆ ಬಂದುಬಿಟ್ಟಳು. ಸಂಜೆ ಅಪ್ಪ, "ಒಳಗೆ ಬಂದಿದ್ರೆ ಆಗ್ತಿತ್ತಲ್ಲ" ಎಂದಾಗ, "ಬಸ್ಸಿಗೆ ಹೊತ್ತಾಗಿತ್ತು" ಎಂದಿದ್ದಳು.

"ಅಪ್ಪಾ," ಎಂದಳು. ಮತ್ತೆ ಕರೆದಳು. "ಅಪ್ಪಾ, ಒಂದು ಸಿಕ್ತು. ಪಂಪಿನ ಹಿಂದೆ."

ಅಪ್ಪ ತಕ್ಷಣ ತಿರುಗಲಿಲ್ಲ. ಮಂಡಿಯ ಮೇಲೆ ಇದ್ದ ಕೈ ಮಂಡಿಯನ್ನು ಹಿಡಿದುಕೊಂಡಿತು. ಆಮೇಲೆ ಸ್ಟೂಲಿನ ಮೇಲೆಯೇ ಪೂರ್ತಿ ತಿರುಗಿ, ಮುಖದ ತುಂಬ ನಕ್ಕ. "ಹಿಡಿದುಬಿಟ್ಟೆಯಲ್ಲೇ! ಅಷ್ಟು ಸಂದಿಯಲ್ಲಿ ಇಟ್ಟಿದ್ರೂ! ನಿನಗೋಸ್ಕರವೇ ಬಿಟ್ಟಿದ್ದೆ."

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಯ್ಯೋ ದೇವರೇ, ಆಟವೇ. ವಯಸ್ಸಲ್ಲ, ಆಟ. ಈ ಮುದುಕನ ಹುಡುಗಾಟಕ್ಕೆ ಏನು ಹೇಳುವುದು! "ಪೆಪ್ಪರ್‌ಮಿಂಟು ಎಲ್ಲಿ?" ಎಂದಳು. ಅಪ್ಪ ಜೇಬು ತಟ್ಟಿ ತೋರಿಸಿ, "ನಿಮ್ಮಮ್ಮ ಸಕ್ಕರೆ ಮುಟ್ಟೋಕೆ ಬಿಡಲ್ಲ" ಎಂದ. ಅಡುಗೆಮನೆಯ ಕಿಟಕಿಯಿಂದ ಅಮ್ಮನ ತಲೆ ಹೊರಬಂತು. "ಏನು ನಗ್ತಾ ಇದೀರಿ ಇಬ್ರೂ? ಸರಿ ಇದೆ ತಾನೇ?" ಎಂದು ಕೇಳಿತು. "ಇನ್ನೂ ಮುಗಿದಿಲ್ಲಮ್ಮ" ಎಂದು ಅವಳು ಕೂಗಿದಳು. ಹಳೆಯ ಭಾನುವಾರವೊಂದು ಯಾರೂ ಮುಟ್ಟದೆ ಹಾಗೇ ಉಳಿದಿತ್ತು ಎನ್ನುವ ಸಂಭ್ರಮದಲ್ಲಿ ಅವಳು ಮತ್ತೆ ಎಂಜಿನ್ನಿನ ಮೇಲೆ ಬಗ್ಗಿದಳು. ಹಾಡೊಂದನ್ನು ಗುನುಗಲೂ ಶುರುಮಾಡಿದಳು.

ಕಾರ್ಬುರೇಟರಿನ ಪಕ್ಕಕ್ಕೆ ಬಂದಾಗ ಗುನುಗು ನಿಂತಿತು. ಇಲ್ಲಿ ಕನ್ನಡಿ ಬೇಕಿರಲಿಲ್ಲ, ಕಣ್ಣೆದುರಿಗೇ ಇತ್ತು. ಉಲ್ಟಾ. ಕೆಳಗೆ ಎಣ್ಣೆ ತೊಟ್ಟಿಯ ಬಿರಡೆಯ ಹತ್ತಿರ ಇನ್ನೊಂದು, ಅದೂ ಉಲ್ಟಾ. ಮೂರೂ ಅಕ್ಕತಂಗಿಯರ ಹಾಗೆ ಒಂದೇ ಮುಖದವು. ಅವಳು ಟಾರ್ಚು ಆರಿಸಿದಳು. ಅಪ್ಪ ಮತ್ತೆ ಗೋಡೆ ನೋಡುತ್ತ ಕೂತಿದ್ದ.

"ಎಷ್ಟು ಬಿಟ್ಟಿದ್ದೆ ಅಪ್ಪ, ನನಗೋಸ್ಕರ?"

"ಒಂದೇ. ಹಿಡಿದೆಯಲ್ಲ."

ಆಚೆ ರಸ್ತೆಯಲ್ಲಿ ಯಾರೋ ಗಾಡಿ ಶುರುಮಾಡಲು ಒದೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ. ಅಪ್ಪ ಎದ್ದು ಬಂದ. ಅವಳ ಮುಖ ನೋಡಿದವನು ಎಲ್ಲಿ ಎಂದು ಕೇಳಲಿಲ್ಲ. ತೋರಿಸು ಎನ್ನುವಂತೆ ಕೈ ಚಾಚಿದ. ಅವಳು ಆ ಕೈ ಹಿಡಿದು ಒಂದರ ಮೇಲೆ ಇಟ್ಟಳು, ಆಮೇಲೆ ಇನ್ನೊಂದರ ಮೇಲೆ. ಅಪ್ಪನ ಬೆರಳು ತಂತಿಯ ಮೇಲೆ ಹೋಗಿ ಬಂತು, ಮತ್ತೆ ಹೋಗಿ ಬಂತು.

"ಇದನ್ನ ಕಟ್ಟುವಾಗ ಏನೋ ಯೋಚನೆ ಮಾಡ್ತಿದ್ದೆ," ಎಂದ. "ಹಾರೋದನ್ನೇ ಯೋಚನೆ ಮಾಡ್ತಿದ್ದೆ ಅಂತ ಕಾಣುತ್ತೆ. ತಲೆ ಬೇರೆ ಕಡೆ ಹೋದ್ರೆ ಕೈ ಹಳೇ ದಾರಿ ಹಿಡಿಯುತ್ತೆ."

"ಹಳೇ ದಾರಿ ಅಂದ್ರೆ?"

ಅಪ್ಪ ಎಡಗೈ ಎತ್ತಿ, ಗೆಣ್ಣುಗಳು ಕಾಣುವ ಹಾಗೆ ಅವಳ ಮುಂದೆ ಹಿಡಿದ. "ನಾನೂ ಎಡಚನೇ ಕಣೇ. ಶಾಲೇಲಿ ಮೇಷ್ಟ್ರು ಇದರ ಮೇಲೆ ಹೊಡೆದು ಹೊಡೆದು ಬಲಗೈ ಮಾಡಿಸಿದ್ರು. ಬರೆಯೋದು, ತಿನ್ನೋದು ಎಲ್ಲಾ ಬದಲಾಯ್ತು. ಅದಕ್ಕೇ ನಿನ್ನ ಕೈ ತಿದ್ದೋಕೆ ನಾನು ಯಾರನ್ನೂ ಬಿಡಲಿಲ್ಲ. ತಂತಿ ಹೊಸೆಯೋದು ಮಾತ್ರ... ಯಾವಾಗ್ಲೋ ಒಂದೊಂದು ಸಲ ಮೈಮರೆತರೆ ಹೀಗಾಗುತ್ತೆ. ಆಗ ನೋಡಿದ್ರೂ ನನಗೆ ಗೊತ್ತಾಗಲ್ಲ. ಸರಿಯಾಗೇ ಕಾಣುತ್ತೆ."

"ಹಾಗಾದ್ರೆ ಆ ಪಂಪಿನ ಹಿಂದಿನದು?"

"ಅದೂ ಅಷ್ಟೇ."

ಕೇಳದೆ ಬಿಟ್ಟರೆ ಸೈಕಲ್ಲು, ಒಣಹುಲ್ಲು, ಉದ್ದನೆಯ ನೆರಳು ಎಲ್ಲ ಇದ್ದ ಹಾಗೇ ಇರುತ್ತವೆ ಎಂದು ಅನ್ನಿಸಿತು. ಆದರೂ ಕೇಳಿದಳು. "ಆಗಿನವು? ವರ್ಕ್‌ಶಾಪಿನಲ್ಲಿ ನಾನು ಹಿಡಿದವು?"

ಅಪ್ಪ ಚಿಂದಿ ಬಟ್ಟೆ ತೆಗೆದುಕೊಂಡು, ಕೊಳೆಯೇ ಇಲ್ಲದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ.

"ಒಂದಾದ್ರೂ ಬೇಕಂತ ಬಿಟ್ಟಿದ್ಯಾ ಅಪ್ಪ?"

"ಜನ ಕೂತು ಹಾರೋ ಎಂಜಿನ್ ಕಣಮ್ಮ ಅದು. ಬೇಕಂತ ಯಾರಾದ್ರೂ ತಪ್ಪು ಕಟ್ಟಿಡ್ತಾರಾ?"

ಎಷ್ಟು ಸರಳವಾದ ಮಾತು! ಇಷ್ಟು ವರ್ಷದಲ್ಲಿ ಒಂದು ದಿನ, ಒಂದು ಗಳಿಗೆ, ಇದು ತನಗೆ ಹೊಳೆಯಲಿಲ್ಲವಲ್ಲ. ಅಣ್ಣನಿಗೂ ಹೊಳೆಯಲಿಲ್ಲ. ಮರದ ಪೆಟ್ಟಿಗೆಯ ಮೇಲೆ ನಿಂತ ಆ ಹುಡುಗಿ ಹಿಡಿದದ್ದೆಲ್ಲ ನಿಜವಾದ ತಪ್ಪು. ಸೋಮವಾರ ಆ ವಿಮಾನಗಳು ಮೇಲೇರಿದಾಗ ಒಳಗೆ ಕಲಿಯುವ ಹುಡುಗರು ಕೂತಿದ್ದರು, ಅವರಿಗೆಲ್ಲ ಮನೆಯಲ್ಲಿ ತಾಯಂದಿರಿದ್ದರು. ಅವಳಿಗೆ ಮೊದಲು ಬಂದದ್ದು ಹೆಮ್ಮೆಯಲ್ಲ, ಸಿಟ್ಟು. ಮೈ ಬಿಸಿಯಾಗುವಂಥ ಸಿಟ್ಟು.

"ಅವತ್ತು ಅಣ್ಣ ಅಂದಾಗ ಯಾಕೆ ನಕ್ಕೆ? ನಾನು ನಿನ್ನ ಮುಖ ನೋಡ್ತಾ ಕೂತಿದ್ದೆ. ಒಂದು ಮಾತು ಆಡಬಹುದಿತ್ತು ನೀನು."

"ಏನಂತ ಆಡ್ಲಿ? ಇವಳು ಹಿಡೀದಿದ್ರೆ ಯಾರಾದ್ರೂ ಸಾಯ್ತಿದ್ರು ಅಂತಲಾ? ನಾಳೆ ನೀನು ಶಾಲೇಲಿ ಹೇಳ್ತಿದ್ದೆ, ನಾಡಿದ್ದು ಕ್ಲಬ್ಬಿಗೆ ಗೊತ್ತಾಗ್ತಿತ್ತು, ಆಚೆ ನಾಡಿದ್ದು ನಾನು ಮನೇಲಿ." ಅಪ್ಪ ಚಿಂದಿಯನ್ನು ಮಡಿಚಿದ, ಬಿಡಿಸಿದ. "ಹೆದರಿಕೆ ಕಣೇ. ಹೆದರಿದೋನು ನಗ್ತಾನೆ, ಇನ್ನೇನು ಮಾಡ್ತಾನೆ."

"ನಾನು ಬರೋದು ಬಿಟ್ಟ ಮೇಲೆ?"

"ಕಟ್ಟೋದು, ಹೊರಗೆ ಹೋಗಿ ಒಂದು ಸುತ್ತು ಹಾಕಿ ಬರೋದು, ಇದನ್ನ ಬೇರೆ ಯಾರೋ ಕಟ್ಟಿದಾರೆ ಅಂದ್ಕೊಂಡು ನೋಡೋದು. ಅನುಮಾನ ಬಂದ್ರೆ ಕತ್ತರಿಸಿ ಮತ್ತೆ ಕಟ್ಟೋದು. ಬೇರೆಯವರು ಮೂರು ಎಂಜಿನ್ ಮುಗಿಸಿದ್ರೆ ನಂದು ಒಂದು. ಹೆಸರಿಟ್ರು. ಇಡಲಿ ಬಿಡು, ಹೆಸರಿನಿಂದ ಯಾರೂ ಸಾಯಲ್ಲ. ಆದ್ರೂ ರಾತ್ರಿ ನಿದ್ದೆ ಬರ್ತಿರಲಿಲ್ಲ. ಒಂದು ದಿನ ಮ್ಯಾನೇಜರ್ ಹತ್ರ ಹೋಗಿ, ಸೊಂಟ ನೋವು, ನನ್ನನ್ನ ಸಾಮಾನಿನ ಕೋಣೆಗೆ ಹಾಕಿಬಿಡಿ ಅಂತ ನಾನೇ ಕೇಳಿಕೊಂಡೆ."

ನಾನೇ ಕೇಳಿಕೊಂಡೆ. ಅವಳಿಗೆ ಕಂಬದ ಹಿಂದಿನಿಂದ ಕಂಡ ಆ ಬಲೆಯ ಕಿಟಕಿ ಮತ್ತೆ ಕಂಡಿತು. ಅಲ್ಲಿ ಕೂತವನು ಸೋತು ಕೂತಿದ್ದಾನೆ ಎಂದು ನಾಚಿಕೊಂಡು ಓಡಿಬಂದಿದ್ದಳು. ಯಾರನ್ನೂ ಬೀಳಿಸಬಾರದೆಂದು ತಾನೇ ಎದ್ದು ಹೋಗಿ ಬಲೆಯ ಹಿಂದೆ ಕೂತಿದ್ದ ಮನುಷ್ಯ ಅವನು. ಸೈಕಲ್ ಹಿಡಿದು ಬಾಗಿಲಲ್ಲಿ ನಿಂತು, ಸ್ವಲ್ಪ ಹೊತ್ತು ಬಂದು ಹೋಗು ಎಂದು ಬೇಡಿದ್ದನಲ್ಲ. ತಲೆನೋವು ಎಂದಿದ್ದಳು. ಅವಳಿಗೆ ಅಳು ಬರಲಿಲ್ಲ, ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಪ್ಪನ ಅಂಗಿಯ ಕಾಲರು ಒಂದು ಕಡೆ ಒಳಗೆ ಮಡಿಚಿಕೊಂಡಿತ್ತು, ಅದನ್ನು ಎತ್ತಿ ಸರಿಮಾಡಿದಳು.

ಹಿಂಬಾಗಿಲು ತೆರೆದು ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಲಾರಿಯವನು ಫೋನ್ ಮಾಡಿದ್ದ. ಮಧ್ಯಾಹ್ನಕ್ಕೇ ಬಂದುಬಿಡ್ತಾನಂತೆ, ಸಂಜೆ ಬೇರೆ ಬಾಡಿಗೆ ಇದೆಯಂತೆ. ಏನಂತ ಹೇಳ್ಲಿ? ಸರಿ ಇದೆಯೇನೇ?"

ಅಪ್ಪ ಅವಳ ಕಡೆ ನೋಡಲಿಲ್ಲ. ಚಿಂದಿಯನ್ನೇ ನೋಡುತ್ತಿದ್ದ, ಆವತ್ತು ತಟ್ಟೆ ನೋಡಿದ ಹಾಗೆ. ಅವನು ಏನನ್ನೂ ಕೇಳುತ್ತಿರಲಿಲ್ಲ, ಆದರೆ ಏನು ಸಿಕ್ಕರೆ ಅವನು ಪಾರಾಗುತ್ತಾನೆಂದು ಅವಳಿಗೆ ಗೊತ್ತಿತ್ತು. 'ಅಪ್ಪ ಆಟಕ್ಕೆ ಒಂದು ಬಿಟ್ಟಿದ್ದಮ್ಮ, ಅಷ್ಟೇ, ಸರಿ ಇದೆ' ಎಂದರೆ ಮುಗಿಯಿತು. ಮೂರು ತಂತಿ ಕತ್ತರಿಸಿ ಮತ್ತೆ ಕಟ್ಟುವುದು ಎಷ್ಟು ಹೊತ್ತಿನ ಕೆಲಸ? ಯಾರಿಗೂ ತಿಳಿಯುವುದಿಲ್ಲ, ಅಪ್ಪನ ಮಾನ ಉಳಿಯುತ್ತದೆ, ಲಾರಿ ಬರುತ್ತದೆ. ಇಷ್ಟು ಕಾಲ ಅವನು ತನಗೆ ಹೇಳಿದ ಸುಳ್ಳನ್ನು ಈಗ ತಾನು ಅವನಿಗೆ ವಾಪಸು ಕೊಟ್ಟ ಹಾಗೂ ಆಗುತ್ತದೆ. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಮೂರು ತನಗೆ ಕಂಡವು. ಕಾಣದೆ ಹೋದದ್ದು ಇದ್ದರೆ?

"ಸರಿ ಇಲ್ಲಮ್ಮ," ಎಂದಳು. "ಮೂರು ತಪ್ಪಿದೆ. ನಾನೇ ಹಿಡಿದದ್ದು."

ಅಮ್ಮ ಮಗಳನ್ನು ನೋಡಿದಳು, ಗಂಡನನ್ನು ನೋಡಿದಳು. "ಏನ್ರೀ ಇದು? ನಿಜವಾ? ಅಥ್ವಾ ಆ ನಿಮ್ಮ ಹಳೇ ಆಟನಾ?"

ಅಪ್ಪ ಚಿಂದಿ ಕೆಳಗಿಟ್ಟ. ತಲೆ ಎತ್ತಿದ. "ಆಟ ಅಲ್ಲ. ನಾನು ತಪ್ಪು ಕಟ್ಟಿದ್ದೆ. ಅವಳು ಹಿಡಿದಳು." ಹೇಳದಿದ್ದರೆ ಮತ್ತೆ ಹೇಳಲಾಗುವುದಿಲ್ಲವೇನೋ ಎನ್ನುವಂತೆ ಅವಸರದಲ್ಲಿ ಸೇರಿಸಿದ: "ಯಾವಾಗ್ಲೂ ಅವಳೇ ಹಿಡಿದದ್ದು. ಚಿಕ್ಕೋಳಿದ್ದಾಗಲೂ."

ಅಮ್ಮನಿಗೆ ಎಷ್ಟು ಅರ್ಥವಾಯಿತೋ. ಬಾಲದ ಮೇಲಿನ ಟವೆಲು ಎತ್ತಿಕೊಂಡು ಲಾರಿಯವನಿಗೆ ಫೋನ್ ಮಾಡಲು ಒಳಗೆ ಹೋದಳು. ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಅಪ್ಪ ಸಾಮಾನಿನ ಪೆಟ್ಟಿಗೆ ತೆರೆದು, ಕಟ್ಟಿಂಗ್ ಪ್ಲೈಯರ್ ತೆಗೆದು, ಅದನ್ನು ಹಿಡಿದುಕೊಂಡು ಹೊಸದಾಗಿ ಕೆಲಸಕ್ಕೆ ಸೇರಿದವನ ಹಾಗೆ ನಿಂತ.

"ಮೂರನ್ನೂ ಕತ್ತರಿಸಲಾ?"

"ಎಲ್ಲಾ ಕತ್ತರಿಸು. ಒಂದೂ ಬಿಡಬೇಡ. ಚೂರು ಕೆಳಗೆ ಬೀಳದ ಹಾಗೆ ನೋಡ್ಕೋ. ಹೊಸದಾಗಿ ನಾನು ಕಟ್ತೀನಿ."

ಅಪ್ಪ ಹೂಂ ಎಂದ. ಮೊದಲ ತಂತಿಗೆ ಪ್ಲೈಯರಿನ ಬಾಯಿ ಹಚ್ಚಿ, ಒತ್ತದೆ, ಅತ್ತ ನೋಡುತ್ತಲೇ ಕೇಳಿದ. "ಹಾರೋದು? ಕ್ಯಾಪ್ಟನ್ನಿಗೆ ಹೇಳಿಬಿಡ್ಲಾ?"

"ಹಾರೋದು ನೀನೇ. ಈ ವಾರ ಅಲ್ಲ, ಅಷ್ಟೇ."

"ನೀನು ಕಟ್ಟಿದ್ರೆ ನೋಡೋರು ಯಾರು?"

"ನೀನು."

"ತಪ್ಪು ನನಗೆಲ್ಲಿ ಸಿಗುತ್ತೆ? ಈಗ್ತಾನೇ ನೋಡಿದೆಯಲ್ಲ."

"ನೀನು ಕಟ್ಟಿದ್ದು ನಿನಗೆ ಸಿಗಲ್ಲಪ್ಪ. ನಾನು ಕಟ್ಟಿದ್ದು ಸಿಗುತ್ತೆ. ನನ್ನ ಕೈ ತಪ್ಪಿದ್ರೂ ನಿನ್ನ ಕೈ ತಪ್ಪಿದ ಕಡೆಗೇ ತಪ್ಪುತ್ತೆ. ನೋಡಿದ ಕೂಡಲೇ, ಇದು ನಾನು ಕಟ್ಟಿದ ಹಾಗಿದೆಯಲ್ಲ ಅನ್ನಿಸುತ್ತೆ ನಿನಗೆ. ಆಗ ಕೂಗು."